ಸಿಲಿಂಡರಿನಲ್ಲಿ ಗ್ಯಾಸ್ ಇದ್ದೂ ಉರಿ ಇಲ್ಲ: ಚಳಿಗಾಲದ ಬೆಳಗಿನ ಲೆಕ್ಕ

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಟೆಲ್. ಬೆಳಿಗ್ಗೆ ಐದೂವರೆಗೆ ಇಡ್ಲಿ ಸ್ಟೀಮರ್, ದೋಸೆ ಕಾವಲಿ ಎರಡನ್ನೂ ಒಂದೇ 19 ಕೆ.ಜಿ. ಸಿಲಿಂಡರಿನಿಂದ ಹಚ್ಚುತ್ತೇವೆ. ಡಿಸೆಂಬರ್, ಜನವರಿಯಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಸಿಲಿಂಡರಿನ ಕೆಳಭಾಗ ಬೆಳ್ಳಗೆ ಮಂಜು ಹಿಡಿಯುತ್ತದೆ, ಉರಿ ಸಣ್ಣಗಾಗುತ್ತದೆ. ಅಲುಗಾಡಿಸಿದರೆ ಒಳಗೆ ದ್ರವ ಕುಲುಕುವುದು ಗೊತ್ತಾಗುತ್ತದೆ. ಖಾಲಿಯೆಂದು ವಾಪಸು ಕೊಟ್ಟ ಸಿಲಿಂಡರ್ ತೂಗಿದಾಗ ನಾಲ್ಕೈದು ಕೆ.ಜಿ. ಹೆಚ್ಚಿಗೆ ತೂಗಿದೆ. ಗೇಜಿನ ಮುಳ್ಳು ಇಳಿದಿದ್ದರೂ ಮಾರನೇ ದಿನ ಮತ್ತೆ ಮೇಲೇರಿರುತ್ತದೆ. ಅಡಿಗೆಯವರು ಕೆಲವೊಮ್ಮೆ ಗೋಣಿ ಸುತ್ತುತ್ತಾರೆ, ಕೆಲವೊಮ್ಮೆ ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ, ಒಮ್ಮೆ ಅಡ್ಡ ಮಲಗಿಸಿಯೂ ನೋಡಿದ್ದಾರೆ. ಇದಕ್ಕೆ ಸರಿಯಾದ ದಾರಿ ಯಾವುದು? ಒಳಗೆ ಎಷ್ಟು ಗ್ಯಾಸ್ ಉಳಿದಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಒಂದು ಮಾತು. ಸಿಲಿಂಡರ್ ಅಡ್ಡ ಮಲಗಿಸುವುದನ್ನೂ ಬಿಸಿನೀರಿನಲ್ಲಿ ನಿಲ್ಲಿಸುವುದನ್ನೂ ಇವತ್ತೇ ನಿಲ್ಲಿಸಿ. ಕಾರಣ ಮುಂದೆ ಬರುತ್ತದೆ. ಗೋಣಿಯಿಂದ ಅಪಾಯವಿಲ್ಲ, ಆದರೆ ಅದು ನಿಮ್ಮ ತೊಂದರೆಯನ್ನೇ ಹೆಚ್ಚು ಮಾಡುತ್ತಿದೆ.

ನಿಮ್ಮ ಸಿಲಿಂಡರಿನಲ್ಲಿ ಮುಗಿದಿರುವುದು ಗ್ಯಾಸ್ ಅಲ್ಲ, ಶಾಖ. ಇದು ಅರ್ಥವಾದರೆ ನೀವು ಕೇಳಿದ ಅಷ್ಟೂ ಪ್ರಶ್ನೆಗೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಿಲಿಂಡರ್ ಎಂದರೆ ಗಾಳಿ ತುಂಬಿದ ಚೆಂಡಿನ ಹಾಗೆ ಗ್ಯಾಸ್ ತುಂಬಿಟ್ಟ ಡಬ್ಬಿ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಒಳಗಿರುವುದು ಹೆಚ್ಚಾಗಿ ದ್ರವ: ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ವಸ್ತುಗಳ ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿ ಕುದಿಯುತ್ತದೆ, ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಯಲ್ಲಿ. ಅಂದರೆ ತೆರೆದ ಪಾತ್ರೆಯಲ್ಲಿಟ್ಟರೆ ಮಡಿಕೇರಿಯ ಚಳಿಯಲ್ಲೂ ಎರಡೂ ಕುದಿದು ಹೋಗುತ್ತವೆ. ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಹಾಗೆ ಹೋಗಲು ಜಾಗವಿಲ್ಲ. ಸ್ವಲ್ಪ ದ್ರವ ಆವಿಯಾಗಿ ಮೇಲಿನ ಖಾಲಿ ಜಾಗವನ್ನು ತುಂಬುತ್ತದೆ, ಒತ್ತಡ ಏರುತ್ತದೆ. ಒಂದು ಮಟ್ಟ ಮುಟ್ಟಿದಾಗ ಎಷ್ಟು ದ್ರವ ಆವಿಯಾಗುತ್ತದೋ ಅಷ್ಟೇ ಆವಿ ಮರಳಿ ದ್ರವವಾಗತೊಡಗುತ್ತದೆ, ಏರಿಕೆ ನಿಲ್ಲುತ್ತದೆ. ಆ ಮಟ್ಟಕ್ಕೆ ಆವಿ ಒತ್ತಡ ಎನ್ನುತ್ತಾರೆ. ಅದು ನಿಂತಿರುವುದು ದ್ರವ ಎಷ್ಟು ಬೆಚ್ಚಗಿದೆ, ಅದರಲ್ಲಿ ಯಾವುದು ಎಷ್ಟು ಪಾಲಿದೆ ಎಂಬುದರ ಮೇಲೆ. ದ್ರವ ಎಷ್ಟು ಕೆ.ಜಿ. ಇದೆ ಎಂಬುದರ ಮೇಲಲ್ಲ.

ನಾಬ್ ತಿರುಗಿಸಿದಾಗ ಮೇಲಿನ ಆವಿ ಹೊರಗೆ ಹೋಗುತ್ತದೆ, ಒತ್ತಡ ಒಂದಿಷ್ಟು ಇಳಿಯುತ್ತದೆ, ಕೆಳಗಿನ ದ್ರವ ತಕ್ಷಣ ಕುದಿದು ಆ ಕೊರತೆ ತುಂಬುತ್ತದೆ. ಒಲೆ ಉರಿಯುವಷ್ಟೂ ಹೊತ್ತು ಸಿಲಿಂಡರಿನೊಳಗೆ ಕುದಿತ ನಡೆದೇ ಇರುತ್ತದೆ. ಆದ್ದರಿಂದ ಸಿಲಿಂಡರನ್ನು ಒಂದು ಹಂಡೆ ಎಂದುಕೊಳ್ಳಿ. ಹಂಡೆ ಕುದಿಯಲು ಕೆಳಗೆ ಉರಿ ಬೇಕು. ಈ ಹಂಡೆಗೆ ಉರಿ ಯಾವುದು? ಸುತ್ತಲಿನ ಗಾಳಿಯ ಬಿಸಿ, ಅಷ್ಟೇ. ಬೇರೆ ಯಾವುದೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಕೆ.ಜಿ. ದ್ರವ ಆವಿಯಾಗಲು ಸುಮಾರು 360 ಕಿಲೋಜೂಲ್ ಶಾಖ ಬೇಕು. ಶಾಲೆಯ ಪುಸ್ತಕದಲ್ಲಿ ಗುಪ್ತೋಷ್ಣ ಎಂದು ಓದಿದ್ದು ಇದನ್ನೇ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಬೆವರು ಆರಿದಾಗ ಮೈ ತಣ್ಣಗಾಗುವುದೂ ಇದರಿಂದಲೇ: ಆವಿಯಾಗಿ ಹೋಗುವುದು ಉಳಿದದ್ದರ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಸ್ಟೀಮರ್ ಮತ್ತು ಕಾವಲಿ ಸೇರಿ ನಿಮ್ಮಲ್ಲಿ ಗಂಟೆಗೆ ಒಂದು ಕೆ.ಜಿ. ಗ್ಯಾಸ್ ಉರಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 360 ಕಿಲೋಜೂಲ್ ಎಂದರೆ ಸರಿಯಾಗಿ 100 ವಾಟ್. ಸಿಲಿಂಡರಿನ ಮೈ ಮೂಲಕ 100 ವಾಟ್ ಶಾಖ ಎಡೆಬಿಡದೆ ಒಳಗೆ ಹರಿಯುತ್ತಿರಬೇಕು.

ನಿಶ್ಚಲ ಗಾಳಿ ಶಾಖ ಕೊಡುವುದರಲ್ಲಿ ಬಹಳ ಜಿಪುಣ. ಒಂದು ಚದರ ಮೀಟರ್ ಉಕ್ಕಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 10 ವಾಟ್ ಕೊಟ್ಟರೆ ಹೆಚ್ಚು. ತುಂಬಿದ 19 ಕೆ.ಜಿ. ಸಿಲಿಂಡರಿನಲ್ಲಿ ದ್ರವ ತಾಗಿರುವ ಮೈ ಹತ್ತಿರ ಹತ್ತಿರ ಅರ್ಧ ಚದರ ಮೀಟರ್. ಅಲ್ಲಿಗೆ ಡಿಗ್ರಿಗೆ 5 ವಾಟ್ ಆಯಿತು. ಹೊರಗೆ 12 ಡಿಗ್ರಿ ಇದ್ದು ಒಳಗಿನ ದ್ರವ ಸೊನ್ನೆಗೆ ಇಳಿದಿದ್ದರೆ ಒಳಬರುವುದು 60 ವಾಟ್. ಅಂದರೆ ಒಂದು ಸಿಲಿಂಡರ್ ಆ ಬೆಳಿಗ್ಗೆ ನಿರಂತರವಾಗಿ ಕೊಡಬಲ್ಲದ್ದು ಗಂಟೆಗೆ 600 ಗ್ರಾಂ. ನೀವು ಕೇಳುತ್ತಿರುವುದು ಒಂದು ಕೆ.ಜಿ.

ಉಳಿದ 400 ಗ್ರಾಂ ಎಲ್ಲಿಂದ ಬರುತ್ತದೆ? ದ್ರವ ತನ್ನ ಒಡಲಿನ ಬಿಸಿಯನ್ನೇ ಖರ್ಚು ಮಾಡುತ್ತದೆ. ತುಂಬಿದ ಸಿಲಿಂಡರಿನಲ್ಲಿ ದ್ರವ, ಉಕ್ಕು ಎರಡೂ ಸೇರಿ ಒಂದು ಡಿಗ್ರಿ ತಣಿಯುವಾಗ ಸುಮಾರು 50 ಕಿಲೋಜೂಲ್ ಬಿಟ್ಟುಕೊಡುತ್ತವೆ. ಈ ಬಂಡವಾಳ ದೊಡ್ಡದಿರುವುದರಿಂದ ಹೊಸ ಸಿಲಿಂಡರ್ ಮೂರು ಗಂಟೆಯ ಬೆಳಗಿನ ವ್ಯಾಪಾರವನ್ನು ದಾಟಿಸಿಬಿಡುತ್ತದೆ. ಆ ಹೊತ್ತಿಗೆ ಹತ್ತು ಹನ್ನೆರಡು ಡಿಗ್ರಿ ತಣಿದಿರುತ್ತದೆ, ಅಷ್ಟೇ. ಐದು ಕೆ.ಜಿ. ಮಾತ್ರ ಉಳಿದ ಸಿಲಿಂಡರಿನ ಕಥೆ ಬೇರೆ. ದ್ರವ ತಾಗಿರುವ ಮೈ ಮೂರನೇ ಒಂದಕ್ಕೆ ಹತ್ತಿರ ಇಳಿದಿದೆ, ಗಾಳಿ ಕೊಡುವುದು ಇಪ್ಪತ್ತು ಇಪ್ಪತ್ತೈದು ವಾಟ್. ತಣಿಯಲು ಇರುವ ಬಂಡವಾಳವೂ ಡಿಗ್ರಿಗೆ 20 ಕಿಲೋಜೂಲ್ ಆಸುಪಾಸು. ಅದೇ ಎರಡು ಒಲೆ ಹಚ್ಚಿದರೆ ಒಂದೇ ಗಂಟೆಯಲ್ಲಿ 13 ಡಿಗ್ರಿ ಇಳಿಯುತ್ತದೆ. 12ರಿಂದ ಶುರುವಾದದ್ದು ಸೊನ್ನೆಯ ಕೆಳಗೆ ಹೋಗುತ್ತದೆ. ನೀವು ನೋಡುವ ಬಿಳಿ ಮಂಜು ಅದೇ. ನೀವು "ಒಂದು ಗಂಟೆ" ಎಂದು ಬರೆದದ್ದಕ್ಕೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ.

ಮಂಜಿನ ವಿಷಯ ಬಂದದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಮಂಜು ಹಿಡಿಯುವ ಮುಂಚೆ ಸಿಲಿಂಡರ್ ಬೆವರುತ್ತದೆಯಲ್ಲ, ಆ ಬೆವರು ಗಾಳಿಯಲ್ಲಿದ್ದ ನೀರಾವಿ. ಅದು ಹನಿಯಾಗುವಾಗ ತನ್ನ ಗುಪ್ತೋಷ್ಣವನ್ನು ಸಿಲಿಂಡರಿಗೆ ಕೊಡುತ್ತದೆ: ಒಂದು ಗ್ರಾಂ ನೀರು ಕಟ್ಟಿದರೆ ಸುಮಾರು 2.5 ಕಿಲೋಜೂಲ್, ಅದರಿಂದ ಏಳು ಗ್ರಾಂ ಗ್ಯಾಸ್ ಆವಿಯಾಗಬಹುದು. ಆದ್ದರಿಂದ ಬೆವರನ್ನು ಕಂಡು ಹೆದರಬೇಕಿಲ್ಲ, ಅದು ನಿಮಗೆ ಸಹಾಯವನ್ನೇ ಮಾಡುತ್ತಿದೆ. ದಪ್ಪಗೆ ಕಟ್ಟಿದ ಮಂಜು ಮಾತ್ರ ಕಂಬಳಿಯಂತೆ ಗಾಳಿಯನ್ನು ದೂರವಿಡುತ್ತದೆ.

ಗೋಣಿ ಮಾಡುವುದೂ ಇದೇ ಕೆಲಸ. ನಮ್ಮ ಮೈಗೆ ಕಂಬಳಿ ಹೊದಿಸಿದರೆ ಬೆಚ್ಚಗಾಗುತ್ತದೆ, ಏಕೆಂದರೆ ಒಳಗೆ ನಾವೇ ಶಾಖ ಹುಟ್ಟಿಸುತ್ತೇವೆ. ಸಿಲಿಂಡರ್ ಶಾಖ ಹುಟ್ಟಿಸುವುದಿಲ್ಲ, ಹೊರಗಿನಿಂದ ಎಳೆದುಕೊಳ್ಳುತ್ತದೆ. ಅದಕ್ಕೆ ಗೋಣಿ ಸುತ್ತಿದರೆ ಬರುವ ಅಲ್ಪಸ್ವಲ್ಪವನ್ನೂ ತಡೆದಂತಾಯಿತು. ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿದ ಗೂಡಿನಲ್ಲಿ ಇಡುವುದೂ ಹೀಗೆಯೇ. ಗೂಡಿನ ಗಾಳಿ ತಣ್ಣಗಾಗಿ ಅಲ್ಲೇ ನಿಲ್ಲುತ್ತದೆ. ಅಲ್ಲದೆ ಈ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಗೂಡಿನ ತಳದಲ್ಲೇ ಕಟ್ಟಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸುತ್ತ ಬಯಲಾಗಿ, ನೆಲಮಟ್ಟದಲ್ಲಿ ಗಾಳಿ ಆಡುವ ಕಡೆ ಇಡಿ.

ಇನ್ನು ಆ ನಾಲ್ಕೈದು ಕೆ.ಜಿ. ಉಳಿಕೆ. ಇದಕ್ಕೆ ತಣಿಯುವುದು ಅರ್ಧ ಕಾರಣ. ಇನ್ನರ್ಧ ಕಾರಣ ಬಹಳ ಜನಕ್ಕೆ ಗೊತ್ತಿಲ್ಲ.

ಮಿಶ್ರಣ ಕುದಿಯುವಾಗ ಎರಡೂ ಸಮಪಾಲಿನಲ್ಲಿ ಹೊರಗೆ ಹೋಗುವುದಿಲ್ಲ. 12 ಡಿಗ್ರಿಯಲ್ಲಿ ಶುದ್ಧ ಪ್ರೊಪೇನಿನ ಆವಿ ಒತ್ತಡ ಸುಮಾರು 6.8 ಬಾರ್, ಬ್ಯೂಟೇನಿನದು 1.6 (ಬಾರ್ ಎಂಬುದು ಒತ್ತಡದ ಅಳತೆ, ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು ಒಂದು ಬಾರ್). ದ್ರವದಲ್ಲಿ ಇವೆರಡೂ ಅರ್ಧರ್ಧ ಇವೆಯೆನ್ನಿ (ನಿಜವಾದ ಪ್ರಮಾಣ ಪೂರೈಕೆಯಿಂದ ಪೂರೈಕೆಗೆ ಬದಲಾಗುತ್ತದೆ, ಲೆಕ್ಕಕ್ಕೆ ಇಷ್ಟು ಸಾಕು). ಮೇಲಿನ ಆವಿಯಲ್ಲಿ ಐದರಲ್ಲಿ ನಾಲ್ಕು ಪಾಲು ಪ್ರೊಪೇನೇ ಇರುತ್ತದೆ. ಮೊದಲು ಉರಿದು ಹೋಗುವುದು ಹಗುರವಾದದ್ದು, ಹಿಂದೆ ಉಳಿಯುವುದು ಜಡವಾದದ್ದು. ಕಳ್ಳು ಬಟ್ಟಿ ಇಳಿಸುವಾಗ ಮದ್ಯಸಾರ ಮೊದಲು ಬಂದು ನೀರು ಹಿಂದುಳಿಯುವ ಹಾಗೆ. ಈ ಲೆಕ್ಕವನ್ನು ಮುಂದುವರಿಸಿದರೆ, ಅರ್ಧ ಸಿಲಿಂಡರ್ ಮುಗಿದಾಗ ಉಳಿದ ದ್ರವದಲ್ಲಿ ಪ್ರೊಪೇನ್ ನೂರಕ್ಕೆ 27ಕ್ಕೆ ಇಳಿದಿರುತ್ತದೆ. ಮುಕ್ಕಾಲು ಮುಗಿದಾಗ ಬರೀ ಎಂಟು. ಕೊನೆಯ ಕಾಲು ಭಾಗ ಹೆಚ್ಚುಕಡಿಮೆ ಬರೀ ಬ್ಯೂಟೇನ್.

ಒತ್ತಡದಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಹೊರಗಿನ ಗಾಳಿಯ ಒತ್ತಡ 0.9 ಬಾರ್ ಆಸುಪಾಸು. ಗೇಜ್ ತೋರಿಸುವುದು ಅದನ್ನು ಕಳೆದ ಮೇಲೆ ಉಳಿದದ್ದನ್ನು. ಹೊಸ ಸಿಲಿಂಡರ್ 12 ಡಿಗ್ರಿಯಲ್ಲಿ ಗೇಜಿನ ಮೇಲೆ 3.3 ಬಾರ್ ತೋರಿಸುತ್ತದೆ. ಕಾಲು ಭಾಗ ಉಳಿದದ್ದು ಅದೇ 12 ಡಿಗ್ರಿಯಲ್ಲಿ 1.1 ಬಾರ್. ಅದೇ ಕಾಲು ಭಾಗ ತಣಿದು ಸೊನ್ನೆಗೆ ಬಂದರೆ 0.4 ಬಾರ್, ಮೈನಸ್ ಐದಕ್ಕೆ ಬಂದರೆ 0.2. ಹೋಟೆಲಿನ ಹೈ ಪ್ರೆಶರ್ ಬರ್ನರ್ ಜೋರಾಗಿ ಉರಿಯಲು ಬೇಕಾದ ಒತ್ತಡವೇ ಒಂದು ಬಾರ್ ಆಸುಪಾಸು. ಇನ್ನು ಉರಿ ಬರುವುದು ಹೇಗೆ? ದ್ರವ ಒಳಗೆ ಕುಲುಕುತ್ತಿದೆ, ಆದರೆ ಅದಕ್ಕೆ ಹೊರಗೆ ತಳ್ಳುವ ಬಲವಿಲ್ಲ.

ಗೇಜಿನ ಮುಳ್ಳು ರಾತ್ರಿ ಕಳೆದು ಮತ್ತೆ ಏರುವುದು ಏಕೆಂದು ಈಗ ನಿಮಗೇ ಹೊಳೆದಿರಬೇಕು. ಗ್ಯಾಸ್ ಹೆಚ್ಚಾಗಲಿಲ್ಲ, ದ್ರವ ಮತ್ತೆ ಬೆಚ್ಚಗಾಯಿತು. ಒಲೆ ಆರಿಸಿದ ಮೇಲೆ ಸುಮಾರು ಮೂರು ಗಂಟೆಯಲ್ಲಿ ಸಿಲಿಂಡರ್ ಕಳೆದುಕೊಂಡ ಬಿಸಿಯ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆಯುತ್ತದೆ. ಎಂಟು ಹತ್ತು ಗಂಟೆ ಬಿಟ್ಟರೆ ಬಹುತೇಕ ಪೂರ್ತಿ.

ಆದ್ದರಿಂದ ಒತ್ತಡದ ಗೇಜ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಎಂದು ಹೇಳಲಾಗದು. ಅದು ದ್ರವದ ಬಿಸಿಯನ್ನು, ಮಿಶ್ರಣದ ಗುಣವನ್ನು ಹೇಳುತ್ತದೆ. ಒಂದು ಚಮಚ ದ್ರವ ಉಳಿದಿರುವವರೆಗೂ ಆವಿ ಒತ್ತಡ ಆವಿ ಒತ್ತಡವೇ. ದ್ರವ ಪೂರ್ತಿ ಮುಗಿದ ಮೇಲೆ ಉಳಿಯುವ ಬರೀ ಆವಿ ಮಾತ್ರ ಬಾಯ್ಲ್ ನಿಯಮದಂತೆ ನಡೆದು, ತೆಗೆದಷ್ಟೂ ಮುಳ್ಳು ಇಳಿಯುತ್ತದೆ. ಆದರೆ ಆ ಹೊತ್ತಿಗೆ ಸಿಲಿಂಡರಿನಲ್ಲಿರುವುದೇ ಕೆಲವು ನೂರು ಗ್ರಾಂ.

ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿಗೂ ಸಿಎನ್‌ಜಿ ಆಟೋಗೂ ಗೇಜ್ ಸರಿಯಾಗಿಯೇ ಕೆಲಸ ಮಾಡುತ್ತದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಪ್ರತಿ ಅನಿಲಕ್ಕೂ ಒಂದು ಗಡಿ ಉಷ್ಣತೆ ಇದೆ, ಅದಕ್ಕೆ ಕ್ರಾಂತಿಕ ತಾಪ ಎನ್ನುತ್ತಾರೆ. ಅದಕ್ಕಿಂತ ಬೆಚ್ಚಗಿದ್ದರೆ ಎಷ್ಟು ಅದುಮಿದರೂ ಆ ಅನಿಲ ದ್ರವವಾಗುವುದಿಲ್ಲ. ಬೆಲ್ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಇಂಗಾಲದ ಡೈಆಕ್ಸೈಡಿನ ಮೇಲೆ ಪ್ರಯೋಗ ಮಾಡಿ 1869ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟ. ಪ್ರೊಪೇನಿನ ಗಡಿ 97 ಡಿಗ್ರಿ, ಬ್ಯೂಟೇನಿನದು 152. ನಮ್ಮ ಹವೆ ಅದಕ್ಕಿಂತ ಎಷ್ಟೋ ಕೆಳಗೆ, ಆದ್ದರಿಂದ ಕೆಲವೇ ಬಾರ್ ಅದುಮಿದರೂ ದ್ರವವಾಗುತ್ತವೆ. ಸಿಎನ್‌ಜಿಯಲ್ಲಿರುವ ಮೀಥೇನಿನ ಗಡಿ ಮೈನಸ್ 82, ಆಕ್ಸಿಜನ್ನಿನದು ಮೈನಸ್ 118. ಮೀಥೇನನ್ನು 200 ಬಾರ್‌ಗೆ ತುಂಬಿದರೂ ಅದು ಅನಿಲವಾಗಿಯೇ ಇರುತ್ತದೆ, ಅರ್ಧ ಖರ್ಚಾದರೆ ಮುಳ್ಳೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಓಡುವ ಎಲ್‌ಪಿಜಿ ಆಟೋಗಳಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಮಟ್ಟ ತಿಳಿಯಲು ಟ್ಯಾಂಕಿನೊಳಗೆ ತೇಲುಬುರುಡೆ ಬೇಕು.

ಇಂಗಾಲದ ಡೈಆಕ್ಸೈಡಿನ ಗಡಿ 31 ಡಿಗ್ರಿ. ನಿಮ್ಮ ಹೋಟೆಲಿನಲ್ಲಿ ಆ ಬಗೆಯ ಅಗ್ನಿಶಾಮಕ ಇದ್ದರೆ ನೋಡಿ, ಅದರ ಮೇಲೆ ಗೇಜ್ ಇರುವುದಿಲ್ಲ, ತೂಗಿಯೇ ತಿಳಿಯಬೇಕು. ಮಡಿಕೇರಿಯಲ್ಲಿ ಅದರೊಳಗೆ ದ್ರವ ಇರುತ್ತದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಅದೇ ಸಿಲಿಂಡರಿನೊಳಗೆ ದ್ರವ, ಆವಿ ಎಂಬ ಭೇದವೇ ಅಳಿಸಿಹೋಗಿರುತ್ತದೆ.

ಹಾಗಾದರೆ ಗ್ಯಾಸ್ ಎಷ್ಟಿದೆ ಎಂದು ತಿಳಿಯಲು ತಕ್ಕಡಿಯೇ ದಾರಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. ಒಟ್ಟು ತೂಕದಿಂದ ಅದನ್ನು ಕಳೆಯಿರಿ, ಉಳಿದದ್ದು ಗ್ಯಾಸ್. ಪ್ರತಿ ಸಿಲಿಂಡರಿನ ಖಾಲಿ ತೂಕ ಬೇರೆ ಬೇರೆ, ಅಂದಾಜು ಹಾಕಬೇಡಿ, ಓದಿಯೇ ಕಳೆಯಿರಿ. 50 ಕೆ.ಜಿ. ತೂಗುವ ಒಂದು ಪ್ಲಾಟ್‌ಫಾರ್ಮ್ ತಕ್ಕಡಿ ಹೋಟೆಲಿನಲ್ಲಿ ಅಕ್ಕಿ ಬೇಳೆಗೂ ಆಗುತ್ತದೆ, ಸಿಲಿಂಡರಿಗೂ ಆಗುತ್ತದೆ. ಹೊಸದು ಇಳಿಸಿಕೊಳ್ಳುವಾಗಲೂ ತೂಗಿ.

ತಕ್ಕಡಿ ಇಲ್ಲದಿದ್ದರೆ ಒದ್ದೆ ಬಟ್ಟೆ. ಒಲೆ ಆರಿಸಿ ಒಂದಿಷ್ಟು ಹೊತ್ತು ಬಿಟ್ಟ ಮೇಲೆ ಸಿಲಿಂಡರಿನ ಮೈಯನ್ನು ಮೇಲಿನಿಂದ ಕೆಳಗಿನವರೆಗೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಕೆಲವು ನಿಮಿಷ ಕಾಯಿರಿ. ದ್ರವ ಇಲ್ಲದ ಮೇಲ್ಭಾಗ ಬೇಗ ಒಣಗುತ್ತದೆ, ದ್ರವ ಇರುವ ಕೆಳಭಾಗ ತಂಪಾಗಿದ್ದು ಒದ್ದೆಯಾಗಿಯೇ ಉಳಿಯುತ್ತದೆ. ನಡುವಿನ ಗೆರೆಯೇ ದ್ರವದ ಮಟ್ಟ. ಮಂಜು ಹಿಡಿದ ಬೆಳಿಗ್ಗೆ ಬಟ್ಟೆಯೂ ಬೇಡ, ಮಂಜಿನ ಮೇಲಂಚೇ ಮಟ್ಟ ತೋರಿಸುತ್ತದೆ.

ಈಗ ಅಡ್ಡ ಮಲಗಿಸುವ ವಿಷಯ. ನೆಟ್ಟಗೆ ನಿಂತ ಸಿಲಿಂಡರಿನ ವಾಲ್ವ್ ಆವಿಯ ಜಾಗದಲ್ಲಿರುತ್ತದೆ. ಮಲಗಿಸಿದರೆ, ತಲೆಕೆಳಗೆ ಮಾಡಿದರೆ ದ್ರವವೇ ವಾಲ್ವ್ ಮೂಲಕ ರೆಗ್ಯುಲೇಟರಿಗೆ, ಪೈಪಿಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ರೆಗ್ಯುಲೇಟರ್ ಅಳತೆ ಮಾಡಿ ಬಿಡುವುದು ಆವಿಯನ್ನು. ಅದರ ರಂಧ್ರದಲ್ಲಿ ದ್ರವ ಹೋದರೆ ಅದೇ ಹೊತ್ತಿಗೆ ಹತ್ತಾರು ಪಟ್ಟು ಇಂಧನ ದಾಟುತ್ತದೆ. ಬರ್ನರಿನಲ್ಲಿ ಉರಿ ಒಮ್ಮೆಲೇ ಆಳೆತ್ತರ ಏಳಬಹುದು, ರಬ್ಬರ್ ಪೈಪ್ ಹೆಪ್ಪುಗಟ್ಟಿದಂತೆ ಗಡುಸಾಗಿ ಬಿರಿಯಬಹುದು. ಉರಿ ಜೋರಾಯಿತು, ಉಪಾಯ ಫಲಿಸಿತು ಎಂದು ಅಡಿಗೆಯವರಿಗೆ ಅನಿಸಿರಬಹುದು. ಅದು ಫಲಿಸಿದ್ದಲ್ಲ, ಅಪಘಾತ ಕೂದಲೆಳೆಯಲ್ಲಿ ತಪ್ಪಿದ್ದು. ದ್ರವವನ್ನೇ ತೆಗೆದು ಬಳಸುವ ವ್ಯವಸ್ಥೆ ದೊಡ್ಡ ಅಡಿಗೆಮನೆಗಳಲ್ಲಿ ಇದೆ ನಿಜ. ಅದಕ್ಕೆ ಒಳಗೆ ತಳದವರೆಗೆ ಕೊಳವೆ ಇಳಿಬಿಟ್ಟ ಬೇರೆಯದೇ ಸಿಲಿಂಡರ್ ಬೇಕು, ದ್ರವವನ್ನು ಬಿಸಿಮಾಡಿ ಆವಿಮಾಡುವ ವೇಪರೈಸರ್ ಬೇಕು.

ಬಿಸಿನೀರಿನ ತೊಟ್ಟಿ. ತತ್ವ ಸರಿ, ಶಾಖ ಕೊಡುತ್ತಿದ್ದೀರಿ. ಆದರೆ ಈ ದ್ರವ ಒಂದು ಡಿಗ್ರಿಗೆ ಹಿಗ್ಗುವುದು ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ತುಂಬುವಾಗ ಮೇಲೆ ಖಾಲಿ ಜಾಗ ಬಿಡುವುದು ಈ ಹಿಗ್ಗಿಗಾಗಿಯೇ. ತುಂಬಿದ ಸಿಲಿಂಡರನ್ನು ಕುದಿನೀರಿನಂಥದ್ದರಲ್ಲಿ ನಿಲ್ಲಿಸಿದರೆ ದ್ರವ ಹಿಗ್ಗಿ ಆ ಜಾಗವನ್ನೂ ತುಂಬಿಬಿಡಬಹುದು. ಆಮೇಲೆ ಅದು ಆವಿ ಒತ್ತಡವಲ್ಲ, ಎಡೆಯೇ ಇಲ್ಲದ ದ್ರವ ಉಕ್ಕನ್ನು ತಳ್ಳುವ ಒತ್ತಡ. ಒಂದೊಂದು ಡಿಗ್ರಿಗೂ ಹಲವು ಬಾರ್ ಏರುತ್ತದೆ. ಕಾಲು ಭಾಗ ಉಳಿದದ್ದಕ್ಕೆ ಈ ಅಪಾಯ ಇಲ್ಲವೆಂದು ವಾದಿಸಬಹುದು. ಆದರೆ ಮುಂಜಾನೆಯ ಗಡಿಬಿಡಿಯಲ್ಲಿ ಯಾವ ಸಿಲಿಂಡರ್, ಎಷ್ಟು ಬಿಸಿಯ ನೀರು ಎಂದು ಅಳೆಯುವವರು ಯಾರು? ಸಿಲಿಂಡರಿಗೆ ಬಿಸಿ ತಾಗಿಸಬಾರದು ಎಂಬ ನಿಯಮವನ್ನು ಸಡಿಲಿಸಲು ಇಲ್ಲಿ ನಾನು ಒಪ್ಪುವುದಿಲ್ಲ. ದಿನಾ ನೀರಿನಲ್ಲಿ ನಿಂತರೆ ತಳದ ಬಳೆ ತುಕ್ಕು ಹಿಡಿಯುವುದೂ ಇದೆ.

ನಿಜ ಹೇಳಬೇಕೆಂದರೆ ಬಿಸಿನೀರು ಬೇಕಾಗಿಯೂ ಇಲ್ಲ. ಸಿಲಿಂಡರ್ ಮೈನಸ್ ಐದರಲ್ಲಿರುವಾಗ ನಿಮ್ಮ ನಲ್ಲಿಯ 18 ಡಿಗ್ರಿ ನೀರೇ ಅದಕ್ಕೆ ಬಿಸಿನೀರು. ಒಂದು ಲೀಟರ್ ನೀರು ಹತ್ತು ಡಿಗ್ರಿ ತಣಿದರೆ 42 ಕಿಲೋಜೂಲ್ ಕೊಡುತ್ತದೆ, ನೂರು ಗ್ರಾಂಗೂ ಮಿಕ್ಕಿ ಗ್ಯಾಸ್ ಆವಿಯಾಗಲು ಅಷ್ಟು ಸಾಕು. ತೀರಾ ತುರ್ತಿಗೆ, ಒಲೆ ಆರಿಸಿ, ಮಂಜು ಹಿಡಿದ ಕೆಳಭಾಗದ ಮೇಲೆ ಮಾತ್ರ ಚೊಂಬಿನಿಂದ ಸಾದಾ ನೀರು ನಿಧಾನವಾಗಿ ಹರಿಸಿ. ಐದಾರು ಲೀಟರಿನಲ್ಲಿ ಮಂಜು ಬಿಟ್ಟುಹೋಗುತ್ತದೆ. ವಾಲ್ವ್, ರೆಗ್ಯುಲೇಟರ್ ಕಡೆ ನೀರು ಬೀಳಬಾರದು, ಆಮೇಲೆ ಒರೆಸಿಡಬೇಕು. ಇದನ್ನು ದಿನನಿತ್ಯದ ಪದ್ಧತಿ ಮಾಡಿಕೊಳ್ಳಬೇಡಿ, ಏಕೆಂದರೆ ಅದಕ್ಕಿಂತ ಒಳ್ಳೆಯ ದಾರಿಗಳಿವೆ.

ಮೊದಲನೆಯದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಬೆಳಗಿನ ಚಳಿಯಲ್ಲಿ ಯಾವಾಗಲೂ ತುಂಬಿದ, ಪ್ರೊಪೇನ್ ಹೆಚ್ಚಿರುವ ಸಿಲಿಂಡರ್ ಜೋಡಿಸಿ. ಐದಾರು ಕೆ.ಜಿ.ಗೆ ಇಳಿದದ್ದನ್ನು ಬಿಚ್ಚಿಟ್ಟು ಮಧ್ಯಾಹ್ನಕ್ಕೆ ಬಳಸಿ. ಹೊರಗೆ 24 ಡಿಗ್ರಿ ಇರುವಾಗ ಅದೇ ಕಾಲು ಭಾಗ ಗೇಜಿನ ಮೇಲೆ ಎರಡು ಬಾರ್ ತೋರಿಸುತ್ತದೆ, ಬೆಳಿಗ್ಗೆ ಸತ್ತಂತಿದ್ದದ್ದು ಸರಾಗ ಉರಿಯುತ್ತದೆ. ಮಧ್ಯಾಹ್ನವೂ ಎರಡು ದೊಡ್ಡ ಒಲೆ ಅದಕ್ಕೆ ಹಾಕಬೇಡಿ. ಕಾಫಿ, ಹಾಲು, ಸಾಂಬಾರ್ ಬಿಸಿಮಾಡುವಂಥ ಗಂಟೆಗೆ ಇನ್ನೂರು ಗ್ರಾಂ ತಿನ್ನುವ ಒಂದೇ ಒಲೆ ಇರಲಿ. ಆಗ ಬೇಕಾಗುವುದು 20 ವಾಟ್, ಅಷ್ಟನ್ನು ಗಾಳಿಯೇ ಕೊಡುತ್ತದೆ. ಮನೆಯ 14.2 ಕೆ.ಜಿ. ಸಿಲಿಂಡರಿಗೆ ಈ ಕಾಯಿಲೆ ಅಪರೂಪವಾಗಿರುವುದೂ ಇದರಿಂದಲೇ: ಅಲ್ಲಿ ಬಳಕೆ ಕಡಿಮೆ, ಮನೆಯ ರೆಗ್ಯುಲೇಟರ್ ಒಲೆಗೆ ಬಿಡುವುದು ಕೇವಲ 30 ಮಿಲಿಬಾರ್ ಆಸುಪಾಸು. ಒಳಗೆ 0.4 ಬಾರ್ ಇದ್ದರೂ ಅದರ ಹತ್ತು ಪಟ್ಟಿಗೂ ಹೆಚ್ಚಾಯಿತು. ಹಾಗೆಂದು ಮನೆಯ ಸಿಲಿಂಡರನ್ನು ಹೋಟೆಲಿಗೆ ತರಬೇಡಿ, ಅದು ಕಾನೂನಿಗೆ ವಿರುದ್ಧ.

ಎರಡನೆಯದು ಶಾಶ್ವತ ಪರಿಹಾರ: ಎರಡು ಸಿಲಿಂಡರ್‌ಗಳನ್ನು ಮ್ಯಾನಿಫೋಲ್ಡ್ (ಹಲವು ಸಿಲಿಂಡರಿನ ಗ್ಯಾಸನ್ನು ಒಂದೇ ದಾರಿಗೆ ಸೇರಿಸುವ ಕೊಳವೆ) ಮೂಲಕ ಜೋಡಿಸಿ ಎರಡನ್ನೂ ಒಟ್ಟಿಗೆ ತೆರೆದಿಡುವುದು. ಒಂದು ಮುಗಿದ ಮೇಲೆ ಇನ್ನೊಂದು ಎಂದಲ್ಲ, ಎರಡೂ ಒಟ್ಟಿಗೆ. ಶಾಖ ಹೀರುವ ಮೈ ಎರಡು ಪಟ್ಟಾಗುತ್ತದೆ, ಒಂದೊಂದರ ಮೇಲಿನ ಹೊರೆ ಅರ್ಧವಾಗುತ್ತದೆ: ಗಂಟೆಗೆ 500 ಗ್ರಾಂ, 50 ವಾಟ್. ಮೇಲೆ ನೋಡಿದ 600 ಗ್ರಾಂ ಮಿತಿಯೊಳಗೆ ಅದು ಕುಳಿತುಕೊಳ್ಳುತ್ತದೆ. ಮೂರು ಜೋಡಿಸಿದರೆ ಇನ್ನೂ ನಿಶ್ಚಿಂತೆ. ದ್ರವ ಕಡಿಮೆಯಾದಾಗಲೂ ನಡೆಯುತ್ತದೆ. ಸಿಲಿಂಡರ್ ಬೆವರಿದರೂ ಮಂಜು ಕಟ್ಟದಂತೆ ನಡೆಯುತ್ತಿದ್ದರೆ ಸಂಖ್ಯೆ ಸರಿಯಾಗಿದೆ ಎಂದರ್ಥ.

ಜೋಡಿಸುವಾಗ ಪ್ರತಿ ಸಿಲಿಂಡರಿನ ದಾರಿಯಲ್ಲೂ ಗ್ಯಾಸನ್ನು ಹೊರಗೆ ಬಿಟ್ಟು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಇರಲೇಬೇಕು. ಇದನ್ನು ಬಿಟ್ಟು ಅಗ್ಗದಲ್ಲಿ ಮಾಡಿಕೊಡುವವರಿದ್ದಾರೆ, ಒಪ್ಪಬೇಡಿ. ಒಂದು ಸಿಲಿಂಡರ್ ಬಿಸಿಲಿನ ಕಡೆ ಬೆಚ್ಚಗೆ, ಇನ್ನೊಂದು ಗೋಡೆಯ ನೆರಳಲ್ಲಿ ತಣ್ಣಗೆ ಇದ್ದರೆ, ಒಲೆ ಆರಿದ ಹೊತ್ತಿನಲ್ಲಿ ಬೆಚ್ಚಗಿನದರ ಆವಿ ತಣ್ಣಗಿನದಕ್ಕೆ ಹರಿದು ಅಲ್ಲಿ ಮತ್ತೆ ದ್ರವವಾಗುತ್ತದೆ. ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ಜೋಡಿಸಿದಾಗ ಹೊಸದರ ಪ್ರೊಪೇನ್ ಹಳೆಯದರೊಳಗೆ ಹೋಗುವುದೂ ಹೀಗೆಯೇ. ತಡೆಯದಿದ್ದರೆ ಒಂದು ಸಿಲಿಂಡರ್ ಮಿತಿಮೀರಿ ತುಂಬಿ, ಹಿಗ್ಗಲು ಬಿಟ್ಟ ಜಾಗವೂ ಉಳಿಯುವುದಿಲ್ಲ. ಕೆಲಸವನ್ನು ನಿಮ್ಮ ಗ್ಯಾಸ್ ಏಜೆನ್ಸಿಯ ಮೂಲಕವೇ ಮಾಡಿಸಿ. ಒಟ್ಟು ದಾಸ್ತಾನು 100 ಕೆ.ಜಿ. ಮೀರಿದರೆ ಪರವಾನಗಿ ಬೇಕಾಗುತ್ತದೆ, 19 ಕೆ.ಜಿ.ಯ ಐದು ಸಿಲಿಂಡರ್ 95 ಆಗುತ್ತದೆ ಎಂಬುದು ನೆನಪಿರಲಿ.

ಸಿಲಿಂಡರ್ ಹೊರಗಿಟ್ಟು ಉದ್ದದ ಪೈಪಿನಲ್ಲಿ ಗ್ಯಾಸ್ ತರುವುದಾದರೆ ಒತ್ತಡ ಇಳಿಸುವ ರೆಗ್ಯುಲೇಟರ್ ಸಿಲಿಂಡರಿನ ಬಳಿಯೇ ಇರಲಿ. ಅಧಿಕ ಒತ್ತಡದ ಬ್ಯೂಟೇನ್ ಆವಿ ತಣ್ಣನೆಯ ಪೈಪಿನಲ್ಲಿ ಮತ್ತೆ ದ್ರವವಾಗಿ ತಗ್ಗಿನಲ್ಲಿ ನಿಲ್ಲಬಹುದು, ಬರ್ನರಿಗೆ ಉಗುಳಿದಂತೆ ಬಂದು ಉರಿ ಕುಣಿಯುತ್ತದೆ. ಒತ್ತಡ ಮೊದಲೇ ಇಳಿಸಿಬಿಟ್ಟರೆ ಅದಕ್ಕೆ ದ್ರವವಾಗುವ ಅವಕಾಶವೇ ಇಲ್ಲ.

ಕೊನೆಯ ಹಂತದ ಸಿಲಿಂಡರಿನಲ್ಲಿ ಇನ್ನೆರಡು ಬದಲಾವಣೆ ಕಾಣುತ್ತೀರಿ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತದೆ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು 24 ಪಾಲು ಗಾಳಿ ಸಾಕು, ಬ್ಯೂಟೇನಿಗೆ 31 ಬೇಕು. ಬರ್ನರಿನ ಗಾಳಿಯ ತೂತು ಸ್ವಲ್ಪ ಹೆಚ್ಚು ತೆರೆದರೆ ನೀಲಿ ಮರಳುತ್ತದೆ, ಹೊಸ ಸಿಲಿಂಡರ್ ಹಾಕಿದಾಗ ಮತ್ತೆ ಹಿಂದಕ್ಕೆ ತಿರುಗಿಸಿ. ಇನ್ನೊಂದು, ವಾಸನೆ. ಸೋರಿಕೆ ತಿಳಿಯಲೆಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ 35 ಡಿಗ್ರಿಯಲ್ಲಿ ಕುದಿಯುವಂಥದ್ದು, ಬ್ಯೂಟೇನಿಗಿಂತಲೂ ಜಡ. ಅದು ಹಿಂದುಳಿದು ಕೊನೆಕೊನೆಗೆ ಗಾಢವಾಗುತ್ತದೆ. ಆದರೂ ವಾಸನೆ ಬಂದಾಗ "ಖಾಲಿಯಾಗುತ್ತಿರಬೇಕು" ಎಂದು ಸುಮ್ಮನಿರಬೇಡಿ. ಉರಿ ಆರಿಸಿ, ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟಬೇಡಿ. ವಾಸನೆ ಪೂರ್ತಿ ಹೋದ ಮೇಲೆ ವಾಲ್ವ್ ತೆರೆದು ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ, ವಾಸನೆ ಹೋಗದೇ ಇದ್ದರೆ 1906ಕ್ಕೆ ಕರೆ ಮಾಡಿ. ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಂಖ್ಯೆ.